ಪ್ರಿವ್ಯೂ ನೋಡಿದವರು ಕೊಲೆಗಾರನನ್ನು ಮೊದಲೇ ಊಹಿಸಿದರೆ ಥ್ರಿಲ್ಲರ್ ಚಿತ್ರವನ್ನು ಬದಲಿಸಬೇಕೇ?

ಕಡಿಮೆ ಬಜೆಟ್‌ನ ನಿಮ್ಮ ಚಿತ್ರವನ್ನು ಬಿಡುಗಡೆಗೆ ಮೊದಲಿನ ಪ್ರಿವ್ಯೂನಲ್ಲಿ ನೋಡಿದವರಲ್ಲಿ ಅರ್ಧ ಜನ ಕೊಲೆಗಾರ ಯಾರೆಂಬುದು ಮಧ್ಯಂತರಕ್ಕೆ ಮೊದಲೇ ಗೊತ್ತಾಯಿತು ಎನ್ನುತ್ತಾರೆ, ಇನ್ನರ್ಧ ಜನ ಕ್ಲೈಮ್ಯಾಕ್ಸ್ ಅರ್ಥವಾಗಲಿಲ್ಲ ಎನ್ನುತ್ತಾರೆ, ಯಾರ ಮಾತು ಕೇಳಲಿ ಎಂದಿದ್ದೀರಿ. ನಾನು ಮೊದಲ ಗುಂಪಿನ ಮಾತು ಕೇಳಿದವನು. ಅದರಿಂದ ನನ್ನ ಚಿತ್ರ ಕೆಟ್ಟಿತು.

ನಮ್ಮದು ಒಂದೇ ಮನೆಯಲ್ಲಿ, ಒಂದೇ ಮಳೆಯ ರಾತ್ರಿಯಲ್ಲಿ ನಡೆಯುವ ಕಥೆ. ಹಣವಿಲ್ಲದ್ದರಿಂದಲೇ ಅದನ್ನು ಹಾಗೆ ಕಟ್ಟಿಕೊಂಡಿದ್ದೆವು. ವರ್ಷಗಳಿಂದ ಹಾಸಿಗೆ ಹಿಡಿದಿರುವ ತಂದೆ, ಅವನ ಆರೈಕೆ ಮಾಡುವ ಮಗಳು, ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಬರುವ ಒಬ್ಬ ಅಪರಿಚಿತ. ತಂದೆಗೆ ನಡೆಯಲು ಬರುತ್ತದೆ, ಆ ತಮ್ಮನನ್ನು ಕೊಂದವನು ಅವನೇ ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. ಇದಕ್ಕೆ ಇದ್ದ ಮುಖ್ಯ ಸುಳಿವು ಆರಂಭದ ಒಂದು ಶಾಟ್. ಮಗಳು ಔಷಧಿ ಹಿಡಿದು ಕೋಣೆಗೆ ಬರುತ್ತಾಳೆ, ಲೋಟವನ್ನು ಕೆಳಗಿಡಲು ಬಗ್ಗುತ್ತಾಳೆ, ಆಗ ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ ಕಾಣುತ್ತದೆ. ಅವುಗಳಲ್ಲೊಂದರ ಅಂಚಿನಿಂದ ನೀರು ಇಳಿದು ನೆಲದ ಮೇಲೆ ಸಣ್ಣ ಗೆರೆಯಾಗಿ ಹರಿದಿರುತ್ತದೆ. ಮಗಳು ಅದನ್ನು ಗಮನಿಸುವುದಿಲ್ಲ. ಕ್ಯಾಮೆರಾ ಕೂಡ ಅಲ್ಲಿ ನಿಲ್ಲದೆ, ಅವಳು ಏಳುತ್ತಿದ್ದಂತೆ ಅವಳ ಜೊತೆಗೇ ಮೇಲೆ ಏಳುತ್ತದೆ. ಹಿನ್ನೆಲೆ ಸಂಗೀತವನ್ನೂ ಇಟ್ಟಿರಲಿಲ್ಲ.

ಪ್ರಿವ್ಯೂಗೆ ಬಂದವರಲ್ಲಿ ಹೆಚ್ಚಿನವರು ಸಿನಿಮಾ ಕೆಲಸದವರು ಮತ್ತು ಅವರ ಸ್ನೇಹಿತರು. ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ ನಾನು ಎದ್ದು ನಿಂತು, "ಕೊಲೆಗಾರ ಯಾರೆಂದು ಮೊದಲೇ ಗೊತ್ತಾಯಿತೇ?" ಎಂದು ಕೇಳಿದೆ. ಹಲವರು ಹೌದು ಎಂದರು. ಯಾವಾಗ ಎಂದು ಕೇಳಿದ್ದಕ್ಕೆ ಒಬ್ಬರು ಚಪ್ಪಲಿಯ ಹೆಸರೆತ್ತಿದರು, ಉಳಿದವರು ತಲೆಯಾಡಿಸಿದರು. ಮುಂದಿನ ಸಲ ಸಂಕಲನಕ್ಕೆ ಕುಳಿತಾಗ ಆ ಶಾಟ್ ತೆಗೆಸಿದೆ. ನಮ್ಮ ಸಂಕಲನಕಾರ ಬೇಡವೆಂದು ಸಾಕಷ್ಟು ವಾದಿಸಿದರು. ಪ್ರೇಕ್ಷಕರೇ ಹೇಳಿದ್ದಾರೆ ಎಂಬ ಒಂದೇ ಮಾತಿನಿಂದ ಅವರ ಬಾಯಿ ಕಟ್ಟಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪು ಅರ್ಧ ದಾರಿಗೆ ಬಂದು ನಿಂತಿರುವುದು ನನಗೆ ಕಾಣುತ್ತಿದೆ. ಮೊದಲನೆಯದಾಗಿ, ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ಉತ್ತರ ತಿಳಿದ ಮೇಲೆ ಅದು ತನಗೆ ಮೊದಲೇ ಗೊತ್ತಿತ್ತು ಎಂದು ಪ್ರಾಮಾಣಿಕವಾಗಿ ನಂಬುವುದು ಮನುಷ್ಯನ ಮನಸ್ಸಿನ ರೀತಿ. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿಯೇ ಪ್ರಯೋಗಗಳ ಮೂಲಕ ಇದನ್ನು ತೋರಿಸಿದ್ದಾರೆ. ಕೊಲೆಗಾರನ ಮುಖ ನೋಡಿ ಮುಗಿಸಿದವರ ಬಳಿ ಮೊದಲೇ ಗೊತ್ತಾಯಿತೇ ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಚಿತ್ರದುದ್ದಕ್ಕೂ ಮಗಳ ಮೇಲೆ, ಅಪರಿಚಿತನ ಮೇಲೆ, ತಂದೆಯ ಮೇಲೆ ಸರದಿಯಂತೆ ಅನುಮಾನಪಟ್ಟು, ಕೊನೆಗೆ ನಿಜವಾದ ಒಂದನ್ನು ಮಾತ್ರ ನೆನಪಿನಲ್ಲಿ ಉಳಿಸಿಕೊಂಡಿರುತ್ತಾರೆ. ಜೊತೆಗೆ ಹತ್ತು ಜನರ ಮುಂದೆ ತನಗೆ ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲು, ಅದರಲ್ಲೂ ಸಿನಿಮಾ ಕೆಲಸದವರಿಗೆ, ಮನಸ್ಸು ಬರುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಅವರು ನಿಜವಾಗಿಯೇ ಊಹಿಸಿದ್ದರು ಎಂದಿಟ್ಟುಕೊಳ್ಳೋಣ. ಅದು ದೂರು ಎಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ, ನಾನೇ ಹಾಗೆ ಕೇಳಿಸಿಕೊಂಡೆ. ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂದರ್ಶನದಲ್ಲಿ ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಕೊಟ್ಟ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ: ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕನಿಗೆ ತಿಳಿಯದೆ ಅದು ಸಿಡಿದರೆ ಸಿಗುವುದು ಹದಿನೈದು ಸೆಕೆಂಡಿನ ಬೆಚ್ಚು, ಮೊದಲೇ ತಿಳಿದಿದ್ದರೆ ಸಿಗುವುದು ಹದಿನೈದು ನಿಮಿಷಗಳ ಸಸ್ಪೆನ್ಸ್. ಈ ಮಾತನ್ನು ನಾನು ಎಷ್ಟೋ ಸಲ ಇತರರಿಗೆ ಹೇಳಿದ್ದೆ. ಆದರೂ ಒದ್ದೆ ಚಪ್ಪಲಿ ನಮ್ಮ ಬಾಂಬ್ ಎಂಬುದು ಹೊಳೆಯಲಿಲ್ಲ. ಅದನ್ನು ಗಮನಿಸಿದ ಪ್ರೇಕ್ಷಕ, ಮಗಳು ತಂದೆಗೆ ಬೆನ್ನು ಮಾಡಿ ಕಿಟಕಿ ಮುಚ್ಚುವಾಗಲೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಶಾಟ್ ಹೋದ ಮೇಲೆ ಅದು ಒಬ್ಬಳು ಕಿಟಕಿ ಮುಚ್ಚುವ ದೃಶ್ಯ, ಅಷ್ಟೇ.

ಬಿಡುಗಡೆಯ ದಿನ ತಂದೆ ಹಾಸಿಗೆಯಿಂದ ಎದ್ದು ನಿಂತಾಗ ಥಿಯೇಟರ್ ನಕ್ಕಿತು. ಭಯಪಟ್ಟ ನಗುವಲ್ಲ, ನಂಬಿಕೆ ಕಳೆದುಕೊಂಡವರ ನಗು. ಸಂಜೆಯ ಹೊತ್ತಿಗೆ ಪ್ರೇಕ್ಷಕರ ಅಭಿಪ್ರಾಯ ಹರಡಿತ್ತು: ಕೊನೆಯವರೆಗೂ ಚೆನ್ನಾಗಿತ್ತು, ಟ್ವಿಸ್ಟ್ ಇರಲೇಬೇಕೆಂದು ಮುದುಕನನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಇನ್ನು ಕೆಲವರು ಮೋಸ ಎಂಬ ಮಾತನ್ನೇ ಬಳಸಿದರು, ಮತ್ತು ಅದು ನ್ಯಾಯವಾಗಿತ್ತು. ಸುಳಿವು ಕೊಡದೆ ಉತ್ತರ ಹೇಳುವುದು ಥ್ರಿಲ್ಲರ್‌ನಲ್ಲಿ ಮೋಸವೇ ಹೌದು. ದೊಡ್ಡ ಚಿತ್ರವಾದರೆ ನಟರ ಹೆಸರಿನ ಮೇಲೆ ಮೊದಲ ವಾರವನ್ನಾದರೂ ದಾಟುತ್ತದೆ. ನಮ್ಮಂಥ ಚಿತ್ರಕ್ಕೆ ಮೊದಲ ದಿನ ನೋಡಿದವರ ಬಾಯಿಮಾತು ಬಿಟ್ಟು ಬೇರೆ ಪ್ರಚಾರವಿಲ್ಲ. ಶಾಟ್ ಮತ್ತೆ ಸೇರಿಸಿ ಹೊಸ ಡಿಜಿಟಲ್ ಪ್ರತಿಗಳನ್ನು ಕಳಿಸೋಣವೆಂದರೆ ಅದಕ್ಕೆ ಹಣ ಉಳಿದಿರಲಿಲ್ಲ, ಅಷ್ಟರಲ್ಲಿ ಪ್ರದರ್ಶನಗಳೂ ಕೈತಪ್ಪಿದ್ದವು.

ಪ್ರಿವ್ಯೂ ನಂತರ ಬದಲಿಸಿ ಗೆದ್ದ ಚಿತ್ರಗಳಿವೆ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, 1987ರ 'ಫೇಟಲ್ ಅಟ್ರಾಕ್ಷನ್' ಚಿತ್ರದ ಅಂತ್ಯವನ್ನು ಪರೀಕ್ಷಾ ಪ್ರದರ್ಶನಗಳ ನಂತರ ಹೊಸದಾಗಿ ಚಿತ್ರೀಕರಿಸಿದರು. ಆದರೆ ಅಲ್ಲಿ ಪ್ರೇಕ್ಷಕರು ತಿಳಿಸಿದ್ದು ಅಂತ್ಯ ತಮಗೆ ತೃಪ್ತಿ ಕೊಡಲಿಲ್ಲ ಎಂಬ ತಮ್ಮ ಅನುಭವವನ್ನು, ಮತ್ತು ಅಲ್ಲಿ ಪೂರ್ತಿ ಅಂತ್ಯವನ್ನೇ ಮತ್ತೆ ಚಿತ್ರೀಕರಿಸುವಷ್ಟು ಹಣವಿತ್ತು. ನಿಮ್ಮ ಕೈಯಲ್ಲಿರುವುದು ಕತ್ತರಿ ಮಾತ್ರ. ಅಭಿಪ್ರಾಯ ಒಡೆದಿದೆ ಎಂಬ ಹೆದರಿಕೆಯನ್ನೂ ಬಿಡಿ. 1999ರಲ್ಲಿ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ನೋಡಿ ಹೊರಬಂದ ಪ್ರೇಕ್ಷಕರು ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಅದಕ್ಕೆ ಸಿ ಪ್ಲಸ್ ಎಂಬ ಕಡಿಮೆ ದರ್ಜೆ ಕೊಟ್ಟರು. ಅತಿ ಸಣ್ಣ ಬಜೆಟ್‌ನ ಆ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 25 ಕೋಟಿ ಡಾಲರ್. ಜನ ಜಗಳವಾಡಿಕೊಂಡಾದರೂ ಅದರ ಬಗ್ಗೆ ಮಾತನಾಡಿದರು.

ಆದ್ದರಿಂದ ಯಾರ ಮಾತು ಕೇಳಲಿ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎರಡು ಗುಂಪುಗಳಲ್ಲಿ ಒಂದನ್ನು ಆರಿಸುವ ಅಗತ್ಯವೇ ನಿಮಗಿಲ್ಲ. ಪ್ರೇಕ್ಷಕನಿಗೆ ಎಲ್ಲಿ ಬೇಸರವಾಯಿತು, ಎಲ್ಲಿ ಮೈ ಬಿಗಿಯಾಯಿತು ಎಂಬುದನ್ನು ಅವನಿಗಿಂತ ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಅದು ಏಕೆ ಹಾಗಾಯಿತು, ಏನು ಮಾಡಿದರೆ ಸರಿಹೋಗುತ್ತದೆ ಎಂಬುದು ನಿಮ್ಮ ಕೆಲಸ. ಸಿನಿಮಾಗೆ ಸಂಬಂಧವೇ ಇಲ್ಲದ ಹೊಸಬರನ್ನು ಕರೆಯಿರಿ. ಕ್ಲೈಮ್ಯಾಕ್ಸ್ ಶುರುವಾಗುವ ಮೊದಲು ಚಿತ್ರ ನಿಲ್ಲಿಸಿ, ಯಾರ ಮೇಲೆ ಅನುಮಾನ ಮತ್ತು ಏಕೆ ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಬರೆದುಕೊಡಲಿ, ಆಮೇಲೆ ಉಳಿದ ಭಾಗ ತೋರಿಸಿ. ಸರಿಯಾಗಿ ಊಹಿಸಿದವರು ಕೊನೆಯವರೆಗೂ ಕುರ್ಚಿಯ ತುದಿಯಲ್ಲಿ ಕುಳಿತಿದ್ದರೆ ಒಂದು ಫ್ರೇಮನ್ನೂ ಮುಟ್ಟಬೇಡಿ.

ಕ್ಲೈಮ್ಯಾಕ್ಸ್ ಅರ್ಥವಾಗಲಿಲ್ಲ ಎಂದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಆದರೆ ಅವರಿಗಾಗಿ ವಿವರಣೆಯ ಸಂಭಾಷಣೆ ಬರೆಯಲು ಹೋಗಬೇಡಿ. ಸಣ್ಣ ಬಜೆಟ್‌ನ ಚಿತ್ರಗಳಲ್ಲಿ ಅರ್ಥವಾಗದಿರುವುದಕ್ಕೆ ಎಷ್ಟೋ ಸಲ ಕಾರಣ ಕಥೆಯಲ್ಲ, ಶಬ್ದ. ಖಾಲಿ ಕೋಣೆಯ ಮೌನವನ್ನು ಪ್ರತ್ಯೇಕವಾಗಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು ಮಾತಿನ ಅಡಿಗೆ ಹಾಸಿರದಿದ್ದರೆ ಪ್ರತಿ ಕಟ್‌ಗೂ ಹಿಂದಿನ ಗುಂಯ್‌ಗುಡುವಿಕೆ ಬದಲಾಗುತ್ತದೆ. ಪ್ರೇಕ್ಷಕನ ಕಿವಿ ಅತ್ತ ಹೋಗಿ ಮಾತು ತಪ್ಪುತ್ತದೆ, ಆದರೆ ಅವನು ಹೇಳುವುದು ಅರ್ಥವಾಗಲಿಲ್ಲ ಅಥವಾ ಲ್ಯಾಗ್ ಎಂದು. ಕಥೆಯೇ ತಿಳಿಯದ ಒಬ್ಬರನ್ನು ಕೂರಿಸಿ, ಪರದೆ ಮುಚ್ಚಿ, ಆ ದೃಶ್ಯದ ಶಬ್ದವನ್ನಷ್ಟೇ ಕೇಳಿಸಿ. ಸಾಲುಗಳನ್ನು ಅವರು ತಿರುಗಿ ಹೇಳಲಾಗದಿದ್ದರೆ ಉಳಿದಿರುವ ಹಣವನ್ನು ಡಬ್ಬಿಂಗ್‌ಗೆ ಮತ್ತು ಮಿಕ್ಸಿಂಗ್‌ಗೆ ಎತ್ತಿಡಿ, ಸಂಕಲನವನ್ನು ಈಗಿರುವಂತೆಯೇ ಬಿಡಿ.