ಆ ಕಂಬವನ್ನು ಈಗಲೇ ಇಳಿಸಬೇಡಿ

ಪ್ರೀತಿಯ ತಮ್ಮನಿಗೆ ನಮಸ್ಕಾರ.

ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ಗೆ ಬಂದು ಏಳು ವಾರವಾಯಿತೆಂದೂ, ಬಾಡಿಗೆಗೆ ಹಿಡಿದ ಮನೆಯ ಹಿತ್ತಲಿನಲ್ಲಿ ಹಿಂದೆ ಇದ್ದವರು ನೆಟ್ಟ ಎತ್ತರದ ಕಂಬವೊಂದಿದ್ದು ಅದರಲ್ಲಿ ಹಕ್ಕಿಗಳ ಗೂಡಿಗೆಂದು ಮಾಡಿದ, ಸೋರೆಬುರುಡೆಯಂಥ ಹನ್ನೆರಡು ಬಿಳಿಯ ಬುರುಡೆಗಳು ತೂಗುತ್ತಿವೆಯೆಂದೂ ಬರೆದಿದ್ದೀರಿ. ಜೂನ್ ಮೊದಲ ವಾರದಲ್ಲೇ ಮರಿಗಳು ಹಾರಿಹೋದವು, ಹಗಲಿನಲ್ಲಿ ಕಂಬ ಬರಿದಾಗಿರುತ್ತದೆ, ಆದರೆ ಕತ್ತಲಾಗುವ ಹೊತ್ತಿಗೆ ಇಪ್ಪತ್ತು ಮೂವತ್ತು ಹಕ್ಕಿಗಳು ಎಲ್ಲಿಂದಲೋ ಬಂದು ಬುರುಡೆಗಳೊಳಗೆ ನುಗ್ಗಿ ರಾತ್ರಿಯಿಡೀ ಮಲಗುತ್ತವೆ, ಕಂಬ ತೆಗೆದು ಆ ಜಾಗದಲ್ಲಿ ಮಗಳಿಗೆ ಉಯ್ಯಾಲೆ ಹಾಕಿಸಬಹುದೇ, ಕಾನೂನಿನ ತೊಡಕು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ಅಕ್ಕಪಕ್ಕದವರ ಹೆಸರೂ ಗೊತ್ತಿಲ್ಲದ ಈ ಊರು ಎಷ್ಟು ವರ್ಷಕ್ಕೆ ನಮ್ಮದೆನಿಸುತ್ತದೆ ಎಂಬ ಪ್ರಶ್ನೆಯನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ಎರಡಕ್ಕೂ ಒಟ್ಟಿಗೇ ಉತ್ತರಿಸುತ್ತೇನೆ, ಏಕೆಂದರೆ ನನಗೆ ಎರಡನೆಯ ಪ್ರಶ್ನೆಯ ಉತ್ತರ ಸಿಕ್ಕಿದ್ದು ಇಂಥದೇ ಒಂದು ಕಂಬದ ಬುಡದಲ್ಲಿ.

ಮೊದಲು ಅವಸರದ ಮಾತು. ಕಂಬವನ್ನು ಈಗ ಮುಟ್ಟಬೇಡಿ. ಅದರಲ್ಲೂ ಸೂರ್ಯ ಮುಳುಗುವ ಮುನ್ನಿನ ಒಂದು ಗಂಟೆಯಿಂದ ಮರುದಿನ ಚೆನ್ನಾಗಿ ಬೆಳಕು ಹರಿಯುವ ತನಕ ಯಾವ ಕಾರಣಕ್ಕೂ ರಾಟೆಯ ಹಗ್ಗ ಸಡಿಲಿಸಿ ಬುರುಡೆಗಳನ್ನು ಕೆಳಗಿಳಿಸಬೇಡಿ. ಹಾಗೆ ಇಳಿಸಿದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಹಿತ್ತಲಿಗೆ ಬರುತ್ತಿರುವುದು ಪರ್ಪಲ್ ಮಾರ್ಟಿನ್. ನಮ್ಮೂರಿನಲ್ಲಿ ಚಳಿಗಾಲದ ಬೆಳಗ್ಗೆ ಕರೆಂಟಿನ ತಂತಿಯ ಮೇಲೆ ಸಾಲುಗಟ್ಟಿ ಕೂರುವ ಕವಲುತೋಕೆ ಹಕ್ಕಿಯ ಬಳಗದ್ದು, ಉತ್ತರ ಅಮೆರಿಕದ ಆ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 20 ಸೆಂಟಿಮೀಟರ್, ತೂಕ ಸುಮಾರು 50 ಗ್ರಾಂ. ಬೆಳೆದ ಗಂಡಿನ ಮೈ ಬಿಸಿಲಿನಲ್ಲಿ ಕಡುನೀಲಿ ರೇಷ್ಮೆಯಂತೆ ಮಿರುಗುತ್ತದೆ, ಹೆಣ್ಣಿನ ಮತ್ತು ಮರಿಗಳ ಹೊಟ್ಟೆ ಮಾಸಲು ಬೂದುಬಣ್ಣ. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ, ಹೆಚ್ಚಾಗಿ ಬ್ರೆಜಿಲ್‌ನಲ್ಲಿ ಕಳೆದು, ಜನವರಿಯ ಕೊನೆ ಅಥವಾ ಫೆಬ್ರುವರಿಯ ಮೊದಲಲ್ಲಿ ನಮ್ಮ ಹ್ಯೂಸ್ಟನ್ ಕಡೆಗೆ ಹಿರಿಯ ಹಕ್ಕಿಗಳು ಬಂದಿಳಿಯುತ್ತವೆ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಬ್ರಿಜೆಟ್ ಸ್ಟಚ್‌ಬರಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಹಕ್ಕಿಗಳ ಬೆನ್ನಿಗೆ ಬೆಳಕನ್ನು ಗುರುತಿಸುವ ಪುಟ್ಟ ಉಪಕರಣ ಕಟ್ಟಿ, ಅವುಗಳ ದಾರಿಯನ್ನು 2009ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ಹೆಣ್ಣು ಬ್ರೆಜಿಲ್‌ನಿಂದ ಹೊರಟು ಸುಮಾರು 7,500 ಕಿಲೋಮೀಟರ್ ದಾರಿಯನ್ನು 13 ದಿನಗಳಲ್ಲಿ ಕ್ರಮಿಸಿ ತನ್ನ ಗೂಡಿಗೆ ಮರಳಿತ್ತು.

ಆ ಬುರುಡೆಗಳು ಈಗ ಪ್ಲಾಸ್ಟಿಕ್ಕಿನವು, ಆದರೆ ಮೂಲದಲ್ಲಿ ಅವು ನಮ್ಮ ಸೋರೆಬುರುಡೆಯೇ. ನಾವು ಒಣಗಿಸಿ ತಂಬೂರಿಗೆ ಕಟ್ಟಿದೆವು, ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತೆವು. ಈ ನೆಲದ ಮೂಲನಿವಾಸಿಗಳಾದ ಚಾಕ್ಟಾ ಮತ್ತು ಚಿಕಸಾ ಜನರು ಎಳೆಯ ಮರದ ಕೊಂಬೆಗಳನ್ನು ಮೋಟು ಮಾಡಿ, ಒಂದೊಂದು ಮೋಟಿಗೆ ಒಂದೊಂದು ಸೋರೆಬುರುಡೆ ತೂಗುಹಾಕಿ ಈ ಹಕ್ಕಿಗಳನ್ನು ಗುಡಿಸಲ ಪಕ್ಕಕ್ಕೆ ಕರೆದುಕೊಂಡರು. ಕಾಲಾಂತರದಲ್ಲಿ ಈ ದೇಶದ ಪೂರ್ವಾರ್ಧದ ಮಾರ್ಟಿನ್‌ಗಳು ಮರದ ಪೊಟರೆಗಳನ್ನು ಬಹುಪಾಲು ಬಿಟ್ಟೇಬಿಟ್ಟವು. ಪಶ್ಚಿಮದ ಕಡೆ ಇಂದಿಗೂ ಮರಕುಟಿಗ ಕೊರೆದ ತೂತುಗಳಲ್ಲಿ ಗೂಡು ಮಾಡುವ ಮಾರ್ಟಿನ್‌ಗಳಿವೆ, ಆದರೆ ನಮ್ಮ ಕಡೆಯವು ಮನುಷ್ಯನು ಕೊಟ್ಟ ಮನೆಯನ್ನೇ ನಂಬಿ ಬದುಕುತ್ತಿವೆ. ನಿಮ್ಮ ಹಿತ್ತಲಿನ ಕಂಬದ ಭಾರವನ್ನು ಇದರಿಂದಲೇ ಅಳೆಯಬೇಕು. ನಾನು ಮದ್ದೂರಿನ ಕಡೆಯವಳು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುವುದನ್ನೂ, ಅವನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳೆಂದು ಜನರು ಕಾಣುವುದನ್ನೂ ನೋಡಿ ಬೆಳೆದವಳು. ಇಲ್ಲಿನ ಕಂಬದ ಕಥೆ ಕೇಳಿದ ದಿನ ನನಗೆ ಬಿಡಿಸಿ ಹೇಳಬೇಕಾದದ್ದು ಏನೂ ಉಳಿಯಲಿಲ್ಲ.

ಈಗ ರಾತ್ರಿಯ ವಿಷಯ. ಮರಿ ಗೂಡಿನಲ್ಲಿ ನಾಲ್ಕು ವಾರ ಬೆಳೆದು ಹಾರಿದ ಮಾತ್ರಕ್ಕೆ ಅದರ ಬಾಲ್ಯ ಮುಗಿಯುವುದಿಲ್ಲ. ಹಗಲೆಲ್ಲ ತಾಯಿತಂದೆಯ ಹಿಂದೆ ದೂರದಲ್ಲಿ ತಿರುಗಿ, ಹಾರುವ ಕೀಟಗಳನ್ನು ಬಾಯಿಗೆ ಹಾಕಿಸಿಕೊಂಡು, ಕತ್ತಲಾಗುವ ಹೊತ್ತಿಗೆ ಕೆಲವು ದಿನಗಳ ಮಟ್ಟಿಗೆ ಮಲಗುವುದಕ್ಕೆ ಪರಿಚಯದ ಬುರುಡೆಗೇ ಮರಳುತ್ತದೆ. ಆಚೀಚೆ ಬೀದಿಯ ಕಂಬಗಳ ಮರಿಗಳೂ ಜೊತೆಗೆ ಸೇರಿಕೊಳ್ಳುತ್ತವೆ. ನಾಳೆ ಸಂಜೆ ಎಂಟಕ್ಕೆ ಹಿತ್ತಲಿನ ದೀಪ ಆರಿಸಿ ಕುಳಿತು ನೋಡಿ. ಮೊದಲು ಬಹಳ ಎತ್ತರದಲ್ಲಿ ನಾಲ್ಕೈದು ಚುಕ್ಕೆಗಳು ಸುತ್ತುತ್ತವೆ, ಗಂಟಲೊಳಗೆ ನೀರು ಗುಳುಗುಳಿಸಿದಂಥ ದನಿ ಕೇಳುತ್ತದೆ, ಚುಕ್ಕೆಗಳು ಹತ್ತಾಗಿ ಇಪ್ಪತ್ತಾಗಿ ಕೆಳಗಿಳಿಯುತ್ತವೆ. ಒಂದು ಬುರುಡೆಯ ಬಾಯಿಗೆ ಜೋತುಬಿದ್ದ ಮರಿಯನ್ನು ಒಳಗಿರುವ ಮರಿ ಕುಕ್ಕಿ ಹಿಂದೆ ತಳ್ಳುತ್ತದೆ, ಅದು ಇನ್ನೊಂದು ಸುತ್ತು ಹಾರಿ ಮತ್ತೆ ಅದೇ ಬಾಯಿಗೆ ಬಂದು ತಲೆ ತೂರಿಸುತ್ತದೆ. ಹೀಗೆ ಒಂದೇ ಬುರುಡೆಗೆ ಐದಾರು ಹಕ್ಕಿಗಳು ತುಂಬಿಕೊಂಡು, ಬಾಯಿಯಲ್ಲಿ ಎರಡು ಬೂದು ತಲೆಗಳು ಮಾತ್ರ ಕಾಣುತ್ತಿರುವಾಗ, ಯಾರೋ ಹೇಳಿದಂತೆ ಎಲ್ಲವೂ ಒಮ್ಮೆಲೇ ಸುಮ್ಮನಾಗುತ್ತವೆ. ಆಮೇಲೆ ಕಂಬದ ಹತ್ತಿರ ಹೋಗಿ ನಿಂತರೆ, ಒಳಗೆ ಜಾಗಕ್ಕಾಗಿ ಮಿಸುಕಾಡುವ ರೆಕ್ಕೆಗಳ ಸಣ್ಣ ಸದ್ದು ಮಾತ್ರ ಕೇಳಿಸುತ್ತದೆ.

ನಾನು ಕೆಡಿಸಿದ್ದು ಇಂಥ ಒಂದು ರಾತ್ರಿಯನ್ನೇ. ನಾವು ಇಲ್ಲಿ ಮನೆ ಮಾಡಿ ಮೂರನೆಯ ಬೇಸಿಗೆ ಅದು. ಮರಿಗಳು ಹೋದವೆಂದು ತಿಳಿದು, ಬಿಸಿಲು ಇಳಿದ ಮೇಲೆ ಬುರುಡೆಗಳನ್ನು ತೊಳೆದುಬಿಡೋಣವೆಂದು ರಾತ್ರಿ ಒಂಬತ್ತಕ್ಕೆ ರಾಟೆ ತಿರುಗಿಸಿ ಕೆಳಗಿಳಿಸಿದೆ. ಎದೆಯ ಮಟ್ಟಕ್ಕೆ ಬಂದಾಗ ಮೂರು ಬುರುಡೆಗಳಿಂದ ಹಕ್ಕಿಗಳು ಸಿಡಿದು ಹೊರಬಂದವು. ಕತ್ತಲೆಯಲ್ಲಿ ಅವಕ್ಕೆ ದಾರಿ ಕಾಣಲಿಲ್ಲ. ಒಂದು ನನ್ನ ಭುಜಕ್ಕೆ ತಗುಲಿತು, ಒಂದು ಮರದ ಬೇಲಿಗೆ ಬಡಿದು ಹುಲ್ಲಿನ ಮೇಲೆ ಬಿದ್ದಿತು. ನಾನು ಅಳುತ್ತ ನಿಂತಿದ್ದಾಗ ಬೇಲಿಯಾಚೆಯಿಂದ ಟಾರ್ಚಿನ ಬೆಳಕು ಬಂತು. ಮೂರು ವರ್ಷದಲ್ಲಿ ಕೈಯೆತ್ತಿ ನಕ್ಕದ್ದು ಬಿಟ್ಟರೆ ಒಂದು ಮಾತೂ ಆಡದಿದ್ದ ಪಕ್ಕದ ಮನೆಯ ಹಿರಿಯರು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದು, ಮರಿಯನ್ನು ಬಟ್ಟೆಯಲ್ಲಿ ಎತ್ತಿ ಒಳಗಿಟ್ಟು, ಒಂದು ಗದರಿಕೆಯ ಮಾತನ್ನೂ ಆಡದೆ ಬುರುಡೆಗಳನ್ನು ಮೆಲ್ಲಗೆ ಮೇಲೇರಿಸಿದರು. ಬೆಳಿಗ್ಗೆ ಆರೂವರೆಗೆ ಮತ್ತೆ ಬಂದರು. ಪೆಟ್ಟಿಗೆಯ ಮುಚ್ಚಳ ತೆರೆದಾಗ ಆ ಮರಿ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ ಹಾರಿಹೋಯಿತು. ಮಿಕ್ಕವುಗಳ ಗತಿ ಏನಾಯಿತೋ ಗೊತ್ತಾಗಲಿಲ್ಲ, ಆ ನೋವು ನನಗೆ ಇಂದಿಗೂ ಇದೆ. ಅವರ ಮನೆಯೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು, ಅವರ ಹೆಂಡತಿಯ ಹೆಸರು ತಿಳಿದದ್ದು, ಅವರ ಅಡುಗೆಮನೆಯಲ್ಲಿ ಕಾಫಿ ಕುಡಿದದ್ದು ಆ ದಿನವೇ.

ರಾತ್ರಿ ಮಲಗಿರುವ ಹಕ್ಕಿಗೆ ಶತ್ರುಗಳು ಮೂರು. ಕೊಂಬಿನ ಗೂಬೆ ಬುರುಡೆಯ ಮೇಲೆ ಬಂದು ಬಡಿದು, ಗಾಬರಿಯಿಂದ ಹೊರಬಂದದ್ದನ್ನು ಹಿಡಿಯುತ್ತದೆ. ರಕೂನ್ ಕಂಬ ಹತ್ತಿ ಕೈ ತೂರಿಸುತ್ತದೆ. ಇಲ್ಲಿನ ರ‍್ಯಾಟ್ ಸ್ನೇಕ್, ನಮ್ಮ ಕೇರೆಯಂತೆ ವಿಷವಿಲ್ಲದ ಹಾವು, ನುಣುಪಾದ ಕಬ್ಬಿಣದ ಕಂಬವನ್ನೂ ಹತ್ತಬಲ್ಲದು. ಕಂಬದ ಎದೆಮಟ್ಟದಲ್ಲಿ, ಹತ್ತುವ ಪ್ರಾಣಿಗಳನ್ನು ತಡೆಯುವ ಅಗಲವಾದ ತಗಡಿನ ಕೊಳವೆ ಇದೆಯೇ ನೋಡಿ. ಇಲ್ಲದಿದ್ದರೆ ಹಗಲಿನಲ್ಲಿ ಹಾಕಿಸಿ. ನಿಮ್ಮ ಮಗಳಿಗೆ ಹಕ್ಕಿಗಳಿಂದ ಅಪಾಯವಿಲ್ಲ, ಆದರೆ ಕಂಬದ ಕೆಳಗೆ ಬಿದ್ದ ಹಿಕ್ಕೆಯಲ್ಲಿ ಆಡಲು ಬಿಡಬೇಡಿ.

ಕಾನೂನಿನ ಬಗ್ಗೆ ಕೇಳಿದ್ದೀರಿ. 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯಿದೆ ಈ ಹಕ್ಕಿಯನ್ನು ಕಾಯುತ್ತದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆಮರಿಯಿರುವ ಗೂಡನ್ನು ಕೀಳುವುದು ಅಪರಾಧ. ತಡವಾಗಿ ಮೊಟ್ಟೆಯಿಟ್ಟ ಎಳೆಯ ಜೋಡಿಯೊಂದು ನಿಮ್ಮ ಹನ್ನೆರಡರಲ್ಲಿ ಯಾವುದಾದರೂ ಬುರುಡೆಯಲ್ಲಿ ಇನ್ನೂ ಇರಬಹುದು. ಆದ್ದರಿಂದ ಎರಡು ವಾರ ಒಂದು ಹಕ್ಕಿಯೂ ಕಾಣದಿದ್ದ ಮೇಲೆ, ಅಂದರೆ ಹೆಚ್ಚುಕಡಿಮೆ ಆಗಸ್ಟಿನಲ್ಲಿ, ನಡುಹಗಲಿನಲ್ಲಿ ಇಳಿಸಿ, ಕೈಗವಸು ಮತ್ತು ಮಾಸ್ಕ್ ತೊಟ್ಟು ಗೂಡು ತೆಗೆದು, ತೊಳೆದು ಒಣಗಿಸಿ ಗ್ಯಾರೇಜಿನಲ್ಲಿಡಿ. ಜನವರಿಯ ಕೊನೆಯಲ್ಲಿ ಮತ್ತೆ ಏರಿಸಬೇಕು. ಹಳೆಯ ಹಕ್ಕಿಗಳು ಹಳೆಯ ಕಂಬವನ್ನೇ ಹುಡುಕಿಕೊಂಡು ಬರುತ್ತವೆ. ಉಯ್ಯಾಲೆಗೆ ಹಿತ್ತಲಿನ ಇನ್ನೊಂದು ಮೂಲೆ ನೋಡಿ. ಮನೆಯ ಹತ್ತಿರ, ಮರಗಳಿಂದ ದೂರ ಇರುವ ಜಾಗವನ್ನೇ ಅವು ಬಯಸುತ್ತವೆ, ಅಂಥ ಜಾಗ ನಿಮ್ಮಲ್ಲಿ ಅದೊಂದೇ ಇರುವಂತೆ ಫೋಟೋದಲ್ಲಿ ಕಾಣುತ್ತದೆ.

ನಿಮ್ಮ ಪತ್ರದಲ್ಲಿ, ಬೆಂಗಳೂರಿನಲ್ಲಿ ಮರೆಯಾದ ಗುಬ್ಬಚ್ಚಿ ಇಲ್ಲಿ ಧಾರಾಳವಾಗಿ ಕಂಡು ಮನಸ್ಸು ತುಂಬಿಬಂತು ಎಂದಿದ್ದೀರಿ. ನನಗೂ ಹಾಗೇ ಆಗಿತ್ತು. ಆದರೆ ಗುಬ್ಬಚ್ಚಿ ಈ ನೆಲದ್ದಲ್ಲ. 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟ ಹಕ್ಕಿಗಳಿಂದ ಹಬ್ಬಿದ್ದು. ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್ ಕೂಡ 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟದ್ದರಿಂದ ಬೆಳೆದದ್ದು. ಇವೆರಡೂ ಮಾರ್ಟಿನ್‌ನ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುತ್ತವೆ, ಮರಿಗಳನ್ನು ಕುಕ್ಕಿ ಸಾಯಿಸುತ್ತವೆ. ನಿಮ್ಮ ಬುರುಡೆಯ ಬಾಯಿ ದುಂಡಗಿರದೆ ಅರ್ಧಚಂದ್ರದಂತೆ ಏಕಿದೆ ಎಂದು ಕೇಳಿದ್ದೀರಲ್ಲ, ಅದರ ಎತ್ತರ ಸುಮಾರು 3 ಸೆಂಟಿಮೀಟರ್ ಮಾತ್ರ. ಮಾರ್ಟಿನ್ ಅದರಲ್ಲಿ ಹೊಟ್ಟೆ ಉಜ್ಜಿಕೊಂಡು ತೂರುತ್ತದೆ, ಎದೆ ದಪ್ಪವಿರುವ ಸ್ಟಾರ್ಲಿಂಗ್ ತೂರಲಾರದು. ಗುಬ್ಬಚ್ಚಿಯನ್ನು ತಡೆಯುವ ಬಾಯಿ ಇಲ್ಲ. ಅದು ತುಂಬಿದ ಹುಲ್ಲುಕಡ್ಡಿಯನ್ನು ವಸಂತದಲ್ಲಿ ವಾರವಾರವೂ ತೆಗೆದು ಹಾಕಬೇಕಾಗುತ್ತದೆ. ಊರಿನಲ್ಲಿ ಅಜ್ಜಿ ಸೂರಿಗೆ ಭತ್ತದ ತೆನೆ ಕಟ್ಟಿ ಕರೆಯುತ್ತಿದ್ದ ಹಕ್ಕಿಯ ಗೂಡನ್ನು ನನ್ನ ಕೈಯಾರೆ ಕಿತ್ತ ಮೊದಲ ದಿನ ನನಗೆ ಊಟ ಸೇರಲಿಲ್ಲ. ಈ ನೆಲದ ಲೆಕ್ಕವನ್ನು ಈ ನೆಲದ ಕಣ್ಣಿನಿಂದ ನೋಡುವುದನ್ನು ನಾನು ಕಲಿತದ್ದು ಅಂದು, ಅದು ಸುಲಭವಾಗಿ ಬಂದ ಕಲಿಕೆಯಲ್ಲ.

ಇವು ಸೊಳ್ಳೆ ತಿನ್ನುತ್ತವೆಂದು ಯಾರಾದರೂ ಹೇಳಿದರೆ ನಂಬಿಕೊಂಡು ಕೂರಬೇಡಿ. ಹಗಲಿನಲ್ಲಿ ಎತ್ತರದಲ್ಲಿ ಬೇಟೆಯಾಡುವ ಹಕ್ಕಿಗೆ ಸಂಜೆ ಹುಲ್ಲಿನ ಮಟ್ಟದಲ್ಲಿ ಹಾರುವ ಸೊಳ್ಳೆ ಸಿಗುವುದು ಅಪರೂಪ. ಏರೋಪ್ಲೇನ್ ಚಿಟ್ಟೆ, ದುಂಬಿ, ನಿಮ್ಮ ಕಾಲನ್ನು ಈಗಾಗಲೇ ಕಚ್ಚಿರಬಹುದಾದ ಫೈರ್ ಆಂಟ್ ಇರುವೆಯ ರೆಕ್ಕೆ ಬಂದ ರಾಣಿಗಳು ಅದರ ಊಟ. ಕೀಟ ಹಾರದಷ್ಟು ಚಳಿಯಾದರೆ ಉಪವಾಸ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ಕರೆಂಟು ಹೋಗಿದ್ದಾಗ, ಮೊದಲೇ ಬಂದಿದ್ದ ಎಷ್ಟೋ ಮಾರ್ಟಿನ್‌ಗಳು ಬುರುಡೆಗಳೊಳಗೆ ಒಂದಕ್ಕೊಂದು ಅಂಟಿಕೊಂಡೇ ಸತ್ತವು. ಆಗ ಪಕ್ಕದ ಮನೆಯ ಹಿರಿಯರು ತಮ್ಮ ಫ್ರೀಜರಿನಲ್ಲಿ ಇದಕ್ಕೆಂದೇ ಇಟ್ಟಿದ್ದ ಮಿಡತೆಯಂಥ ಹುಳುಗಳನ್ನು ಬೆಚ್ಚಗೆ ಮಾಡಿ, ಪ್ಲಾಸ್ಟಿಕ್ ಚಮಚದಲ್ಲಿ ಒಂದೊಂದಾಗಿ ಆಕಾಶಕ್ಕೆ ಚಿಮ್ಮಿಸಿದರು. ಹಕ್ಕಿಗಳು ಗಾಳಿಯಲ್ಲೇ ಹಿಡಿದವು. ನಾನು ಗ್ಯಾಸ್ ಒಲೆಯ ಮೇಲೆ ಮೊಟ್ಟೆ ಬೇಯಿಸಿ ಪುಡಿಮಾಡಿ ಕೊಟ್ಟೆ. ನಮ್ಮ ಎರಡು ಕಂಬಗಳಲ್ಲಿದ್ದ ಒಂಬತ್ತರಲ್ಲಿ ಆರು ಉಳಿದವು.

ನಮ್ಮ ಗೆಳೆಯರಲ್ಲಿ ಕೆಲವರು ಇವು ವಲಸೆ ಹಕ್ಕಿಗಳು, ನಾವೂ ಹಾಗೆಯೇ ಎನ್ನುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಅದು ಹುಟ್ಟಿದ್ದು ಇಲ್ಲಿ, ಬಾಣಂತನ ಇಲ್ಲಿ. ಇಲ್ಲಿಗೆ ಹೊಸಬರು ನಾವು. ಈ ಊರು ನನ್ನದೆನಿಸಿದ್ದು ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನವಲ್ಲ, ಇಲ್ಲಿನವರೊಡನೆ ಇಲ್ಲಿನದೊಂದನ್ನು ಕಾಯುವ ಕೆಲಸಕ್ಕೆ ಕೈಹಚ್ಚಿದ ಮೇಲೆ. ಅದಕ್ಕೆ ನನಗೆ ಮೂರು ವರ್ಷ ಹಿಡಿಯಿತು, ನಿಮಗೆ ಅಷ್ಟು ಹಿಡಿಯಬೇಕಾಗಿಲ್ಲ.

ಇನ್ನು ಕೆಲವು ವಾರಗಳಲ್ಲಿ ನಿಮ್ಮ ಕಂಬ ರಾತ್ರಿಯೂ ಬರಿದಾಗುತ್ತದೆ. ಆಗ ಬೇಸರಪಡಬೇಡಿ, ದಕ್ಷಿಣಕ್ಕೆ ಹೊರಡುವ ಮುನ್ನ ಅವು ಸಾವಿರ ಸಾವಿರವಾಗಿ ಒಂದೆಡೆ ಸೇರಿ ರಾತ್ರಿ ಕಳೆಯುತ್ತವೆ. ನಿಮಗೆ ಹತ್ತಿರದ ಸ್ಟಾಫರ್ಡ್‌ನಲ್ಲಿ, ಫೌಂಟನ್ಸ್ ಶಾಪಿಂಗ್ ಸೆಂಟರಿನ ಮರಗಳಲ್ಲಿ ಹಲವು ಬೇಸಿಗೆಗಳಲ್ಲಿ ಹಾಗೆ ಸೇರಿದ್ದುಂಟು. ಹಕ್ಕಿಗಳ ರಕ್ಷಣೆಗಾಗಿ ದುಡಿಯುವ ಹ್ಯೂಸ್ಟನ್ ಆಡುಬಾನ್ ಸಂಸ್ಥೆಯವರು ಜುಲೈ ಸಂಜೆಗಳಲ್ಲಿ ಅಲ್ಲಿ ನಿಂತು ಬಂದವರಿಗೆ ತೋರಿಸಿದ್ದಾರೆ. ಬೆಳಗಿನ ಜಾವ ಅವು ಒಟ್ಟಿಗೆ ಮೇಲೆದ್ದಾಗ ಹವಾಮಾನದ ರೇಡಾರಿನಲ್ಲಿ ಬಳೆಯಂಥ ಉಂಗುರ ಮೂಡಿ ಅಗಲವಾಗುತ್ತ ಹೋಗುತ್ತದೆ. ಅದನ್ನು ನಿಮ್ಮ ಮಗಳಿಗೆ ಫೋನಿನಲ್ಲಿ ನಾನೇ ತೋರಿಸುತ್ತೇನೆ.

ಬರುವ ಶನಿವಾರ ಸಂಜೆ ಏಳೂವರೆಗೆ ನಿಮ್ಮ ಮನೆಗೆ ಬರುತ್ತೇನೆ, ತಗಡಿನ ಕೊಳವೆಯ ಅಳತೆ ಬೆಳಕಿರುವಾಗಲೇ ತೆಗೆದುಕೊಳ್ಳೋಣ. ಅಷ್ಟರೊಳಗೆ ಬೇಲಿಯಾಚೆಯ ಮನೆಯ ಬಾಗಿಲು ತಟ್ಟಿ ಅವರನ್ನೂ ಕರೆಯಿರಿ, ಆ ಕಂಬವನ್ನು ಅವರು ನಿಮಗಿಂತ ಎಷ್ಟೋ ಹೆಚ್ಚು ವರ್ಷದಿಂದ ನೋಡಿರುತ್ತಾರೆ. ಹಿತ್ತಲಿನಲ್ಲಿ ಕುರ್ಚಿಗಳನ್ನು ಹಾಕಿಡಿ. ಮಗಳನ್ನು ಅಂದು ಬೇಗ ಮಲಗಿಸಬೇಡಿ.

ನಿಮ್ಮ ಅಕ್ಕ