ಹೊಸ ಚೈನ್ ಹಾಕಿದ ಮೇಲೂ ಜಾರುವುದಕ್ಕೆ

ನಿಮ್ಮ ಎಲೆಕ್ಟ್ರಿಕ್ ಸೈಕಲ್‌ನ ಚೈನ್ ಬದಲಾಯಿಸಿದ ಮೇಲೂ ಏರು ಹತ್ತುವಾಗ ಟಕ್ ಅಂತ ಜಾರುತ್ತದೆ, ಮೋಟಾರ್ ಪೆಡಲ್ ಹತ್ತಿರವೇ ಇದೆ ಅಂದಿದ್ದೀರಿ. ನನ್ನ ಅನುಮಾನ ಕ್ಯಾಸೆಟ್ ಮೇಲೆ, ಅಂದರೆ ಹಿಂದಿನ ಗಾಲಿಯಲ್ಲಿರುವ ಗೇರ್ ಹಲ್ಲುಚಕ್ರಗಳ ಗೊಂಚಲಿನ ಮೇಲೆ. ಇಂಥ ಸೈಕಲ್‌ನಲ್ಲಿ ಕಾಲಿನ ಬಲ, ಮೋಟಾರ್ ಬಲ ಎರಡನ್ನೂ ಚೈನೇ ಹೊರಬೇಕು. ಹಲ್ಲು ಬೇಗ ಸವೆಯುತ್ತದೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ.

ಯಾವ ಗೇರ್‌ನಲ್ಲಿ ಜಾರುತ್ತದೆ ಗಮನಿಸಿ. ನೀವು ಜಾಸ್ತಿ ಬಳಸುವ ಒಂದೆರಡರಲ್ಲಿ ಮಾತ್ರ ಆದರೆ ಕ್ಯಾಸೆಟ್ ಬದಲಿಸಲೇಬೇಕು. ಎಲ್ಲ ಗೇರ್‌ನಲ್ಲೂ ಆದರೆ ಪೆಡಲ್ ಬಳಿ ಇರುವ ಮುಂದಿನ ಹಲ್ಲುಚಕ್ರದ ಹಲ್ಲು ನೋಡಿ, ಕೊಕ್ಕೆಯ ಹಾಗೆ ಬಾಗಿದ್ದರೆ ಅದರ ಕಥೆಯೂ ಮುಗಿಯಿತು. ಆಮೇಲೆ ಬ್ಯಾಟರಿ ತೆಗೆದು ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ. ಬಿಗಿಯಾದ ಕೊಂಡಿ ಇದ್ದರೆ ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಹಿಂದಿನ ಭಾಗ) ದಾಟುವಾಗ ಕುಪ್ಪಳಿಸುತ್ತದೆ. ಹೊಸ ಚೈನ್ ಜೋಡಿಸಿದ ಜಾಗದಲ್ಲೇ ಇದು ಹೆಚ್ಚು.

ಸುಮ್ನೆ ಗೇರ್ ಕೇಬಲ್ ತಿರುಗಿಸುತ್ತಾ ಕೂರಬೇಡಿ. ಅದು ಸಡಿಲವಿದ್ದರೆ ಸಮತಟ್ಟಿನಲ್ಲೂ ಕಿರಿಕಿರಿ ಸದ್ದು ಬರುತ್ತಿತ್ತು, ಅಲ್ವಾ?

ಮುಂದೆ ಚೈನನ್ನು ಆಗಾಗ ಅಳೆಯಿರಿ. ಹೊಸದರಲ್ಲಿ 24 ಕೊಂಡಿಯ ಉದ್ದ 304.8 ಮಿ.ಮೀ. ಇರುತ್ತದೆ. 306.3ಕ್ಕೆ ಬಂದಾಗಲೇ ಬದಲಾಯಿಸಿದರೆ ಕ್ಯಾಸೆಟ್ ಉಳಿಯುತ್ತದೆ.