ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ಶಕೂರ್‌ನ ಹಾಡುಗಳನ್ನು ಈಗಲೂ ಕೇಳುವವರು ಇದ್ದಾರೆಯೇ? ಅವನಲ್ಲಿ ಅಂಥದ್ದೇನಿದೆ?

ಇದ್ದೇವೆ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತ ನರೆಗೂದಲಿನ ಗುಮಾಸ್ತ ಭಜನೆಯನ್ನೇ ಕೇಳುತ್ತಿದ್ದಾನೆ ಎಂದುಕೊಳ್ಳಬೇಡಿ. ನಾನಂತೂ ಟುಪಾಕ್ ಕೇಳುತ್ತೇನೆ. ರ‍್ಯಾಪ್ ಎಂದರೆ ಬೈಗುಳ, ಬಂದೂಕು, ಬಂಗಾರದ ಸರ ಇಷ್ಟೇ ಅಲ್ಲವೇ, 1996ರಲ್ಲೇ ಸತ್ತವನನ್ನು ಇನ್ನೂ ಹಚ್ಚಿಕೊಂಡಿರುವುದು ಏತಕ್ಕೆ ಎಂದೂ ಕೇಳಿದ್ದೀರಿ. ಅದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ಘಾಟ್ಕೋಪರ್‌ನ ಅಸಲ್ಫಾದಲ್ಲಿ ಬೆಳೆದವನು. ಓದಿದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ, ಅಪ್ಪ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಕಾಲೇಜಿಗೆ ಬಂದಾಗ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಹಪಾಠಿಯೊಬ್ಬ ಕೊಟ್ಟ ಕ್ಯಾಸೆಟ್ ಕೇಳಿದಾಗ ಧ್ವನಿ ಹಿಡಿಸಿತು, ಮಾತು ಹತ್ತಲಿಲ್ಲ. ಸೈಬರ್ ಕೆಫೆಯಲ್ಲಿ ಹಾಡಿನ ಸಾಹಿತ್ಯವನ್ನು ಮುದ್ರಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಪಾಠದಂತೆ ಓದಿದೆ. ನಿಘಂಟಿನಲ್ಲಿ ಸಿಗದ ಮಾತುಗಳೇ ಹೆಚ್ಚು, ಆ ವಿಷಯ ಬಿಡಿ.

ಹಾಗೆ ಓದಿ ನಾನು ಮೊದಲು ಪೂರ್ತಿ ಅರ್ಥಮಾಡಿಕೊಂಡದ್ದು 1991ರ ‘ಬ್ರೆಂಡಾಸ್ ಗಾಟ್ ಅ ಬೇಬಿ’. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೆತ್ತ ಮಗುವನ್ನು ಕಸದಲ್ಲಿ ಎಸೆದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅವನು ಅದನ್ನು ಬರೆದ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಅಂಥ ಸುದ್ದಿ ನಮ್ಮ ಮುಂಬಯಿ ಪತ್ರಿಕೆಗಳ ಒಳಪುಟದಲ್ಲೂ ಬರುತ್ತದೆ, ನಾಲ್ಕು ಸಾಲು, ಚಹಾ ಮುಗಿಯುವುದರೊಳಗೆ ಮರೆತುಹೋಗುತ್ತದೆ. ಅವನು ಆ ನಾಲ್ಕು ಸಾಲಿನ ಹಿಂದೆ ಹೋದ. ಹುಡುಗಿಯನ್ನು ಬೈಯುವುದಿಲ್ಲ, ಅಯ್ಯೋ ಪಾಪ ಎಂದು ಕಣ್ಣೊರೆಸುವುದೂ ಇಲ್ಲ. ಅಪ್ಪ ಅಮಲಿನಲ್ಲಿ, ಮನೆಯಲ್ಲಿ ದುಡ್ಡಿಲ್ಲ, ಹೊಟ್ಟೆ ಮುಂದೆ ಬಂದರೂ ನೋಡುವವರಿಲ್ಲ, ಎಲ್ಲವನ್ನೂ ಒಂದೇ ಓಟದಲ್ಲಿ ಹೇಳಿಕೊಂಡು ಹೋಗುತ್ತಾನೆ. ನಡುವೆ ಉಸಿರು ತೆಗೆದುಕೊಳ್ಳಲು ಪಲ್ಲವಿಯೂ ಇಲ್ಲ. ಕೊನೆಗೆ ಅವಳು ಮೈಮಾರಿ ಬದುಕುವ ಪಾಡಿಗೆ ಬಂದು ಕೊಲೆಯಾಗುತ್ತಾಳೆ, ಅದನ್ನು ಮಾತ್ರ ಪತ್ರಿಕೆಯ ತಲೆಬರಹದ ಧಾಟಿಯಲ್ಲಿ ಹೇಳುತ್ತಾನೆ. ಸುದ್ದಿಯಿಂದ ಎದ್ದು ಬಂದ ಹುಡುಗಿ ಮತ್ತೆ ಸುದ್ದಿಯಾಗಿ ಮುಗಿದುಹೋಗುತ್ತಾಳೆ. ಅದು ಗೊತ್ತಾದ ದಿನದಿಂದ ಪತ್ರಿಕೆಯ ಒಳಪುಟವನ್ನು ನಾನು ಮೊದಲಿನಂತೆ ಓದಿಲ್ಲ.

ಮಾತಿನ ಚಮತ್ಕಾರದಲ್ಲಿ ಅವನನ್ನು ಮೀರಿಸುವವರು ಹಲವರಿದ್ದಾರೆ, ಒಪ್ಪುತ್ತೇನೆ. ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರ ತಾಳಮದ್ದಳೆಯನ್ನು ಮಾಟುಂಗಾದಲ್ಲಿ ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ತರ್ಕದಿಂದ ಎದುರಾಳಿಯನ್ನು ಕಟ್ಟಿಹಾಕುವ ಅರ್ಥಧಾರಿ ಒಬ್ಬ, ಕರ್ಣನೇ ಎದ್ದು ಬಂದು ಮಾತನಾಡಿದನೆಂದು ಸಭೆಯನ್ನು ನಂಬಿಸುವವನು ಇನ್ನೊಬ್ಬ. ಟುಪಾಕ್ ಎರಡನೆಯ ಪಂಗಡದವನು. ಇದು ತಾನಾಗಿ ಬಂದದ್ದಲ್ಲ. ಬಾಲ್ಟಿಮೋರ್‌ನ ಕಲಾಶಾಲೆಯಲ್ಲಿ ಅವನು ನಟನೆ ಕಲಿತವನು, ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಾತ್ರ ಮಾಡಿದವನು, ಬ್ಯಾಲೆಯಲ್ಲೂ ಕುಣಿದವನು. ಒಳ್ಳೆಯ ಇಯರ್‌ಫೋನ್ ಇದ್ದರೆ ಇನ್ನೊಂದು ಸಂಗತಿ ಗಮನಿಸಿ. ಒಂದೇ ಸಾಲನ್ನು ಎರಡು ಮೂರು ಬಾರಿ ಹೇಳಿ ಒಂದರ ಮೇಲೊಂದು ಕೂರಿಸುತ್ತಿದ್ದ. ಆ ಪದರಗಳು ಕೂದಲೆಳೆಯಷ್ಟು ಹಿಂದುಮುಂದಾದಾಗ ಒಬ್ಬನ ಬಾಯಿಂದಲೇ ಗುಂಪೊಂದು ಮಾತನಾಡಿದಂತೆ ಕೇಳಿಸುತ್ತದೆ.

ತಾಯಿಯ ಮೇಲಿನ ಹಾಡಿನ ಬಗ್ಗೆ ಹೇಳದೆ ಇರಲಾರೆ. ಅಫೆನಿ ಶಕೂರ್ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವಳು. ನ್ಯೂಯಾರ್ಕಿನಲ್ಲಿ ಬಾಂಬ್ ಸ್ಫೋಟದ ಸಂಚಿನ ಆರೋಪ ಹೊತ್ತು, ಬಸುರಿಯಾಗಿ ಜೈಲಿನಲ್ಲಿದ್ದು, ವಕೀಲರಿಲ್ಲದೆ ತನ್ನ ಪರವಾಗಿ ತಾನೇ ವಾದಿಸಿದಳು. 1971ರ ಮೇ ತಿಂಗಳಲ್ಲಿ ಆರೋಪಮುಕ್ತಳಾದಳು, ಜೂನ್ 16ರಂದು ಮಗ ಹುಟ್ಟಿದ. ಮುಂದೆ ಅದೇ ತಾಯಿ ಕ್ರ್ಯಾಕ್ ಎಂಬ ಮಾದಕವಸ್ತುವಿನ ಚಟಕ್ಕೆ ಬಿದ್ದಳು. 1995ರ ‘ಡಿಯರ್ ಮಾಮಾ’ದಲ್ಲಿ ಇದೊಂದನ್ನೂ ಮುಚ್ಚಿಡುವುದಿಲ್ಲ. ನೀನು ಚಟಕ್ಕೆ ದಾಸಿಯಾಗಿದ್ದೆ ಎಂದೂ ಹೇಳುತ್ತಾನೆ, ಸರ್ಕಾರದ ಸಹಾಯಧನದಲ್ಲಿ ಮಕ್ಕಳನ್ನು ಸಾಕಿದ ರಾಣಿ ನೀನು ಎಂದೂ ಹೇಳುತ್ತಾನೆ. ನಮ್ಮ ಸಿನಿಮಾ ಹಾಡುಗಳಲ್ಲಿ ತಾಯಿ ಎಂದರೆ ದೇವರು, ಅವಳು ತಪ್ಪು ಮಾಡುವಂತಿಲ್ಲ. ಗಂಡಸು ಕುಡಿದು ಬಿದ್ದಿರುವ ಮನೆಗಳನ್ನು, ತಾಯಂದಿರೂ ಸೋತು ಕೈಚೆಲ್ಲಿದ ಮನೆಗಳನ್ನು ಚಾಳಿನಲ್ಲಿ ಕಂಡಿದ್ದ ನನಗೆ ಆ ದೇವರ ಹಾಡುಗಳು ಯಾವಾಗಲೂ ಸ್ವಲ್ಪ ದೂರವೇ ಇದ್ದವು. ಈ ಹಾಡನ್ನು 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇನ್ನು ಅಹಿತಕರವಾದದ್ದು. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಅವನು 1994ರಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು, ಮರುವರ್ಷ ಜೈಲಿಗೂ ಹೋದ. ಹೆಣ್ಣಿನ ಮಾನದ ಬಗ್ಗೆ ಅಷ್ಟು ಚೆನ್ನಾಗಿ ಹಾಡಿದವನ ಮೇಲೆ ಈ ತೀರ್ಪು! ತಾನು ನಿರಪರಾಧಿ ಎಂದೇ ಅವನು ಹೇಳುತ್ತಿದ್ದ. ಅಭಿಮಾನಿಗಳು ಅದನ್ನೇ ಹಿಡಿದು ವಕಾಲತ್ತು ಮಾಡುತ್ತಾರೆ, ನಾನು ಮಾಡುವುದಿಲ್ಲ. ನನಗೆ ಬೇಕಾದದ್ದು ಹಾಡು, ಅದಕ್ಕಾಗಿ ಆ ಹೆಂಗಸನ್ನು ಸುಳ್ಳುಗಾತಿ ಮಾಡಬೇಕಾಗಿಲ್ಲ. ಎದುರಾಳಿ ರ‍್ಯಾಪರ್ ಬಿಗ್ಗಿಯನ್ನು ಬೈದು 1996ರಲ್ಲಿ ಮಾಡಿದ ಹಾಡಿಗೆ ಲಕ್ಷಾಂತರ ಭಕ್ತರಿದ್ದಾರೆ, ನಾನು ಅದನ್ನು ದಾಟಿಸಿಬಿಡುತ್ತೇನೆ. ಅದೇ ವರ್ಷದ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಅವನ ಮೇಲೆ ಗುಂಡು ಹಾರಿತು, 13ರಂದು ತೀರಿಕೊಂಡ. ವಯಸ್ಸು ಇಪ್ಪತ್ತೈದು. ಬಿಗ್ಗಿಯೂ ಆರು ತಿಂಗಳಲ್ಲಿ ಗುಂಡೇಟಿಗೇ ಬಲಿಯಾದ. ಟುಪಾಕ್ ಕೊಲೆಯ ಆರೋಪದ ಮೇಲೆ ಒಬ್ಬನ ಬಂಧನವಾದದ್ದು 2023ರಲ್ಲಿ. ಟುಪಾಕ್ ಬದುಕಿದ್ದಾನೆ, ಯಾವುದೋ ದ್ವೀಪದಲ್ಲಿದ್ದಾನೆ ಎನ್ನುವವರೊಂದಿಗೆ ವಾದಿಸಿ ಸಮಯ ಹಾಳುಮಾಡಿಕೊಳ್ಳಬೇಡಿ.

ಮುಂಬಯಿಯಲ್ಲಿ ಕೂತು ಅಮೆರಿಕದವನಿಗೇ ಏಕೆ ಜೋತುಬೀಳಬೇಕು ಎಂದು ನನ್ನ ಮಗಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಸ್ವದೇಶಿ ಎಂಬ ತಂಡವಿದೆ, ಮುಂಬಯಿಯದೇ ಆರೆ ಕಾಡಿನ ವಾರ್ಲಿ ಆದಿವಾಸಿಗಳ ಪರವಾಗಿ ಹಾಡಿದ ತಂಡ. ಅದರಲ್ಲಿ ಗುಜರಾತಿಯಲ್ಲಿ ರ‍್ಯಾಪ್ ಮಾಡುತ್ತಿದ್ದ ಧರ್ಮೇಶ್ ಪರಮಾರ್, ಎಂಸಿ ತೋಡ್‌ಫೋಡ್ ಎಂದು ಹೆಸರಾದವನು, 2022ರ ಮಾರ್ಚಿನಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕೇ ವರ್ಷ. ಅವನ ಗುಜರಾತಿ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ, ಕಾಲೇಜು ದಿನಗಳ ಇಂಗ್ಲಿಷ್‌ನಷ್ಟೇ. ಮಗಳು ತನ್ನ ಗುಜರಾತಿ ಗೆಳತಿಯಿಂದ ಅರ್ಥ ಕೇಳಿ ಬರೆದುಕೊಂಡು ಬರುತ್ತಾಳೆ.

ನೀವು ಕೇಳಲು ಶುರುಮಾಡುವುದಾದರೆ 1995ರ ‘ಮಿ ಅಗೇನ್‌ಸ್ಟ್ ದ ವರ್ಲ್ಡ್’ ಆಲ್ಬಮ್‌ನಿಂದ ಮಾಡಿ. ಅವನು ಜೈಲಿನಲ್ಲಿದ್ದಾಗಲೇ ಅದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಎಲ್ಲರೂ ಹೇಳುವ ‘ಆಲ್ ಐಸ್ ಆನ್ ಮಿ’ ಆಮೇಲೆ ಇರಲಿ. ಇಪ್ಪತ್ತೇಳು ಹಾಡುಗಳ ಜೋಡಿ ಆಲ್ಬಮ್ ಅದು, ಜಾಮೀನಿನ ಮೇಲೆ ಹೊರಬಂದವನು ಅವಸರದಲ್ಲಿ ಮಾಡಿದ್ದು, ಜೊಳ್ಳೂ ಇದೆ. ಬದುಕಿದ್ದಾಗ ಅವನ ಹೆಸರಿನಲ್ಲಿ ಬಂದವು ನಾಲ್ಕು ಆಲ್ಬಮ್‌ಗಳು, ಸತ್ತ ಮೇಲೆ ಬಂದವು ಅದಕ್ಕಿಂತ ಹೆಚ್ಚು. ಉಳಿದಿದ್ದ ಧ್ವನಿಗೆ ಬೇರೆಯವರು ಹೊಸ ಸಂಗೀತ ಹೊಲಿದವು ಅವುಗಳಲ್ಲಿ ಬಹಳ. 2004ರಲ್ಲಿ ಇನ್ನೊಬ್ಬ ರ‍್ಯಾಪರ್ ಎಮಿನೆಮ್ ನಿರ್ಮಿಸಿದ್ದನ್ನಂತೂ ಕಟ್ಟಕಡೆಗೆ ಇಟ್ಟುಕೊಳ್ಳಿ, ಅದರಲ್ಲಿ ಧ್ವನಿ ಒಂದು ದಾರಿ, ತಾಳ ಒಂದು ದಾರಿ.